20 ಹರ್ಟ್ಸ್‌ನಲ್ಲಿ ಕಂಡ ನದಿ 40ರಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆಯ ರೈತ. ಮಗಳು ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಳೆ. ರಜೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಒಂದು ನಕ್ಷೆ ತೋರಿಸಿದಳು. ಸಮುದ್ರದ ತಳದ ಕೆಳಗೆ ಹೂತುಹೋದ ಹಳೆಯ ನದಿಯಂತೆ ಅದು. 20 ಹರ್ಟ್ಸ್ ಚಿತ್ರದಲ್ಲಿ ನದಿಯ ನಡುಭಾಗ ಫಳಫಳ ಹೊಳೆಯುತ್ತಿತ್ತು. 40 ಹರ್ಟ್ಸ್ ಚಿತ್ರದಲ್ಲಿ ಅದೇ ಜಾಗ ಕಪ್ಪು, ಎರಡು ದಡ ಮಾತ್ರ ಬೆಳ್ಳಗೆ. ಕಲ್ಲು ಒಂದೇ ಆದಮೇಲೆ ಹೀಗೇಕೆ? ಇದರಿಂದ ಎಣ್ಣೆ ಎಲ್ಲಿದೆ ಎಂದು ಹೇಳಬಹುದೇ? ನಮ್ಮೂರಿಗೆ ಒಬ್ಬರು ‘ಫ್ರೀಕ್ವೆನ್ಸಿ ಮಿಷನ್’ ತಂದು ಬೋರ್ ಪಾಯಿಂಟ್ ತೋರಿಸುತ್ತಾರೆ, ಅದೂ ಇದೇ ವಿದ್ಯೆಯೇ?

ಉತ್ತರ: ನದಿ ಎಲ್ಲಿಗೂ ಹೋಗಿಲ್ಲ. 40 ಹರ್ಟ್ಸ್ ಚಿತ್ರದಲ್ಲಿ ನಡುಭಾಗ ಕಪ್ಪಾಗಿದೆಯಲ್ಲ, ನಿಮ್ಮ ಮಗಳ ನಕ್ಷೆಯಲ್ಲಿ ಆ ಕಪ್ಪಿಗೇ ಹೆಚ್ಚು ಬೆಲೆ. ಮರಳು ಅಲ್ಲಿ ಎಷ್ಟು ದಪ್ಪ ಕೂತಿದೆ ಎಂದು ಅದರಿಂದ ಲೆಕ್ಕ ಹಾಕಬಹುದು. ಆ ಮರಳಿನೊಳಗೆ ಎಣ್ಣೆ ಇದೆಯೋ, ಗ್ಯಾಸ್ ಇದೆಯೋ, ಬರೀ ಉಪ್ಪುನೀರಿದೆಯೋ ಎಂಬುದು ಬೇರೆಯೇ ಪ್ರಶ್ನೆ. ಮೂವತ್ತು ವರ್ಷ ಈ ನಕ್ಷೆಗಳ ಮುಂದೆಯೇ ಕೂತವನಾಗಿ ಮೊದಲೇ ಹೇಳಿಬಿಡುತ್ತೇನೆ: ಫ್ರೀಕ್ವೆನ್ಸಿ, ಅಂದರೆ ಆವರ್ತನ (ಸೆಕೆಂಡಿಗೆ ಎಷ್ಟು ಸಲ ಕಂಪನ ಎಂಬ ಎಣಿಕೆ, ಹರ್ಟ್ಸ್ ಎಂದರೆ ಅದೇ), ಮೊದಲು ದಪ್ಪದ ಅಳತೆಗೋಲು. ಎಣ್ಣೆಯ ಸುಳಿವು ಎಂಬುದು ಆಮೇಲಿನ, ಬಹಳ ಆಮೇಲಿನ ಮಾತು. ಈ ಕ್ರಮವನ್ನು ಹಿಂದುಮುಂದು ಮಾಡಿಕೊಂಡವರು ಒಣ ಬಾವಿ ಕೊರೆಸಿದ್ದಾರೆ. ನಾನೂ ಕೊರೆಸಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಮಳೆಗಾಲದಲ್ಲಿ ಪೆಟ್ರೋಲ್ ಬಂಕಿನ ಮುಂದಿನ ಒದ್ದೆ ನೆಲ ನೋಡಿರುತ್ತೀರಿ. ಒಂದು ಹನಿ ಪೆಟ್ರೋಲು ನೀರಿನ ಮೇಲೆ ಹರಡಿದರೆ ನೇರಳೆ, ಹಸಿರು, ಹಳದಿ ಬಣ್ಣದ ಉಂಗುರಗಳು ಏಳುತ್ತವೆ. ಪೆಟ್ರೋಲಿಗೆ ಆ ಬಣ್ಣಗಳಿಲ್ಲ. ಅದರ ಪೊರೆಯ ಮೇಲ್ಮೈಯಿಂದ ಒಂದಿಷ್ಟು ಬೆಳಕು ವಾಪಸು ಬರುತ್ತದೆ, ತಳಮೈಯಿಂದ ಇನ್ನೊಂದಿಷ್ಟು. ಎರಡೂ ಕಣ್ಣಿಗೆ ಬರುವಾಗ ಕೆಲವು ಬಣ್ಣಗಳು ಒಂದಕ್ಕೊಂದು ಕೈಗೂಡಿಸುತ್ತವೆ, ಕೆಲವು ಒಂದನ್ನೊಂದು ಹೊಡೆದು ಹಾಕುತ್ತವೆ. ಯಾವ ಬಣ್ಣ ಉಳಿಯಬೇಕು, ಯಾವುದು ಸಾಯಬೇಕು ಎಂಬುದನ್ನು ಪೊರೆಯ ದಪ್ಪ ತೀರ್ಮಾನಿಸುತ್ತದೆ. ದಪ್ಪ ಬದಲಾದಲ್ಲೆಲ್ಲ ಬಣ್ಣ ಬದಲು, ಅದಕ್ಕೇ ಉಂಗುರಗಳು. ಸೋಪಿನ ಗುಳ್ಳೆಯಲ್ಲಿ ಕಾಣುವುದೂ ಇದೇ.

ನಿಮ್ಮ ಮಗಳ ನದಿಯೂ ಅಂಥದೇ ಒಂದು ಪೊರೆ. ಮೇಲೆ ಜೇಡಿಶಿಲೆ, ಕೆಳಗೆ ಜೇಡಿಶಿಲೆ, ನಡುವೆ ನದಿ ತುಂಬಿಹೋದ ಮರಳುಗಲ್ಲು. ಬೆಳಕಿನ ಬದಲು ನೆಲದೊಳಗೆ ಇಳಿಸಿದ ಕಂಪನ, ಬಣ್ಣದ ಬದಲು ಹರ್ಟ್ಸ್. ಮಿಕ್ಕಿದ್ದೆಲ್ಲ ಅದೇ ಲೆಕ್ಕ.

ಈ ಕಂಪನವನ್ನು ಎಬ್ಬಿಸುವುದು ಹೀಗೆ. ಹೊಲಗಳ ನಡುವೆ ಕೆಲಸ ಮಾಡುವಾಗ ಇಪ್ಪತ್ತು ಮೂವತ್ತು ಮೀಟರ್ ತೂತು ಕೊರೆದು, ತಳದಲ್ಲಿ ಸ್ವಲ್ಪ ಸ್ಫೋಟಕ ಇಟ್ಟು ಸಿಡಿಸುತ್ತಾರೆ. ಬಯಲಾದರೆ ಭಾರದ ಲಾರಿಗಳು ಹೊಟ್ಟೆಯ ಕೆಳಗಿನ ಉಕ್ಕಿನ ತಟ್ಟೆಯನ್ನು ನೆಲಕ್ಕೊತ್ತಿ, ಹತ್ತು ಹನ್ನೆರಡು ಸೆಕೆಂಡು ತಗ್ಗು ಸ್ವರದಿಂದ ಏರು ಸ್ವರಕ್ಕೆ ನಡುಗಿಸುತ್ತವೆ. ಸಮುದ್ರದಲ್ಲಾದರೆ ಒತ್ತಿದ ಗಾಳಿಯನ್ನು ನೀರಿನೊಳಗೆ ಒಮ್ಮೆಲೇ ಬಿಡುವ ಏರ್ ಗನ್. ನೆಲದ ಮೇಲೆ ಪ್ರತಿಧ್ವನಿ ಕೇಳಲು ಸಾಲಾಗಿ ಜಿಯೋಫೋನ್ ನೆಟ್ಟಿರುತ್ತಾರೆ: ಅಂಗೈಯಲ್ಲಿ ಹಿಡಿಯುವಷ್ಟು ಡಬ್ಬಿ, ಅಡಿಗೆ ಬೆರಳುದ್ದದ ಮೊಳೆ, ಒಳಗೆ ಅಯಸ್ಕಾಂತ, ಅದರ ಸುತ್ತ ಸ್ಪ್ರಿಂಗಿನಲ್ಲಿ ತೂಗುವ ತಂತಿಸುರುಳಿ. ನೆಲ ಅಲುಗಿದರೆ ಅಯಸ್ಕಾಂತ ಅಲುಗುತ್ತದೆ, ಸುರುಳಿ ತಡವಾಗುತ್ತದೆ, ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಮೊಳೆಯನ್ನು ಹಸಿ ಮಣ್ಣು ಸಿಗುವವರೆಗೆ ಒತ್ತಿ ಊರಬೇಕು. ಉತ್ತ ಹೊಲದ ಸಡಿಲ ಹೆಂಟೆಯ ಮೇಲೆ ನಿಲ್ಲಿಸಿ ಬಂದರೆ ಏರು ಆವರ್ತನಗಳು ಅಲ್ಲೇ ಸೋರಿಹೋಗುತ್ತವೆ, ಕಂಪ್ಯೂಟರಿನ ಯಾವ ಜಾಣತನವೂ ಅವನ್ನು ವಾಪಸು ತರುವುದಿಲ್ಲ. ಎ.ಸಿ. ಕೋಣೆಯಲ್ಲಿ ಕೂತು ನಾವು ಓದುವ ನಕ್ಷೆಯ ಗುಣ, ಬಿಸಿಲಲ್ಲಿ ಮಂಡಿಯೂರಿ ಆ ಮೊಳೆ ಊರಿದ ಹುಡುಗರ ಕೈಯಲ್ಲಿದೆ.

ಮೂರು ಕಿಲೋಮೀಟರ್ ಆಳದ ಪದರದಿಂದ, ಕಲ್ಲಿನಲ್ಲಿ ಅಲೆಯ ವೇಗ ಸೆಕೆಂಡಿಗೆ 3000 ಮೀಟರ್ ಎಂದಿಟ್ಟುಕೊಂಡರೆ, ಪ್ರತಿಧ್ವನಿ ಎರಡು ಸೆಕೆಂಡಿಗೆ ವಾಪಸು ಬರುತ್ತದೆ. ಬಂದ ಅಲೆಯಲ್ಲಿ ನಮ್ಮ ಉಪಯೋಗಕ್ಕೆ ಸಿಗುವುದು ಸಾಮಾನ್ಯವಾಗಿ 8ರಿಂದ 80 ಹರ್ಟ್ಸ್, ಎಂದರೆ ಮನುಷ್ಯನ ಕಿವಿಗೆ ಕೇಳುವ ಸದ್ದಿನ ತೀರಾ ತಳದ ಪಟ್ಟಿ ಮತ್ತು ಅದಕ್ಕೂ ಕೆಳಗಿನದು. ಇಲ್ಲಿಯೇ ಕಷ್ಟ ಶುರು. 30 ಹರ್ಟ್ಸ್ ಅಲೆಗೆ ಆ ಕಲ್ಲಿನಲ್ಲಿ ತರಂಗದೂರ, ಎಂದರೆ ಒಂದು ಏರಿಳಿತಕ್ಕೆ ಅಲೆ ಸಾಗುವ ದೂರ, 100 ಮೀಟರ್. ನೂರು ಮೀಟರಿನ ಗಜಕಡ್ಡಿ ಹಿಡಿದು ಇಪ್ಪತ್ತು ಮೀಟರಿನ ಮರಳನ್ನು ಅಳೆಯಲು ಹೊರಟಂತಾಯಿತು. ಏರು ಆವರ್ತನ ಬಳಸಬಾರದೇಕೆ ಎಂದರೆ, ಭೂಮಿ ಅದನ್ನು ಉಳಿಸುವುದಿಲ್ಲ. ಪ್ರತಿ ಏರಿಳಿತಕ್ಕೂ ಕಲ್ಲು ಒಂದಿಷ್ಟು ಶಕ್ತಿಯನ್ನು ತಿಂದು ಬಿಸಿಯಾಗಿಸುತ್ತದೆ, ಹೆಚ್ಚು ಏರಿಳಿದವರಿಗೆ ಹೆಚ್ಚು ಸುಂಕ. ಕಲ್ಲಿನ ಈ ಗುಣಕ್ಕೆ ನಾವು ‘ಕ್ಯೂ’ ಎಂಬ ಅಂಕಿ ಕೊಡುತ್ತೇವೆ, ಅಂಕಿ ಕಡಿಮೆಯಾದಷ್ಟೂ ಸುಂಕ ಹೆಚ್ಚು. ಕ್ಯೂ 100 ಇರುವ ಕಲ್ಲಿನಲ್ಲಿ ಎರಡು ಸೆಕೆಂಡು ಓಡಾಡಿ ಬಂದರೆ 10 ಹರ್ಟ್ಸ್ ಅಲೆಯ ಎತ್ತರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿರುತ್ತದೆ. 50 ಹರ್ಟ್ಸ್ ಅಲೆಯದು ನೂರಕ್ಕೆ ನಾಲ್ಕು ಮಾತ್ರ.

ಪದರದ ದಪ್ಪ ತರಂಗದೂರದ ಕಾಲುಭಾಗಕ್ಕಿಂತ ಕಡಿಮೆಯಾದರೆ ಮೇಲ್ಮೈ ಮತ್ತು ತಳಮೈಯ ಪ್ರತಿಧ್ವನಿಗಳು ಎರಡಾಗಿ ಕಾಣುವುದಿಲ್ಲ, ಒಂದರೊಳಗೊಂದು ಕರಗುತ್ತವೆ. 30 ಹರ್ಟ್ಸ್‌ಗೆ ಆ ಮಿತಿ 25 ಮೀಟರ್. ಎಷ್ಟು ತೆಳುವಾದರೆ ಪದರ ‘ತೆಳು’ ಎಂಬ ಪ್ರಶ್ನೆಯನ್ನು ವೈಡೆಸ್ ಎಂಬ ಭೂಭೌತ ವಿಜ್ಞಾನಿ 1973ರಲ್ಲಿ ಎತ್ತಿಕೊಂಡು, ತರಂಗದೂರದ ಎಂಟನೇ ಒಂದು ಭಾಗಕ್ಕೆ ಇಳಿದಮೇಲೆ ಅಲೆಯ ಆಕಾರದಿಂದ ಇನ್ನೇನೂ ತಿಳಿಯದು ಎಂದು ತೋರಿಸಿದರು. ಗಣಿಗಾರಿಕೆಯಲ್ಲಾಗಲಿ ಎಣ್ಣೆಯಲ್ಲಾಗಲಿ ಬೇಕಾದ ಪದರಗಳು ಹೆಚ್ಚಿನವು ಈ ಮಿತಿಯ ಆಚೀಚೆಯೇ ಇವೆ. ಆವರ್ತನ ವಿಶ್ಲೇಷಣೆ ಬೆಲೆ ಪಡೆದದ್ದು ಇದಕ್ಕೇ. ಎರಡು ಪ್ರತಿಧ್ವನಿ ಬೆಸೆದುಕೊಂಡದ್ದನ್ನು ನಾವು ದೋಷ ಎನ್ನುತ್ತಿದ್ದೆವು. ಆ ಬೆಸುಗೆಯೇ ದಪ್ಪವನ್ನು ಹೇಳುತ್ತದೆ ಎಂದು ಅರಿವಾದದ್ದು ತಡವಾಗಿ.

ಈಗ ನಿಮ್ಮ ನಕ್ಷೆಯ ಲೆಕ್ಕ. ಮರಳಿನ ಮೇಲೂ ಕೆಳಗೂ ಒಂದೇ ಬಗೆಯ ಜೇಡಿಶಿಲೆ ಇದ್ದರೆ, ಮೇಲ್ಮೈಯ ಪ್ರತಿಧ್ವನಿ ಉಬ್ಬಾಗಿ ಬಂದಾಗ ತಳಮೈಯದು ತಗ್ಗಾಗಿ ಬರುತ್ತದೆ. ಮರಳಿನೊಳಗೆ ಹೋಗಿ ಬರಲು ಅಲೆಗೆ ಹಿಡಿಯುವ ಸಮಯಕ್ಕೆ ಸರಿಯಾಗಿ ಅರ್ಧ ಸುತ್ತು ಮುಗಿಸುವ ಆವರ್ತನದಲ್ಲಿ ಎರಡೂ ಕೈಗೂಡಿಸುತ್ತವೆ, ಅಲ್ಲಿ ಪದರ ಹೊಳೆಯುತ್ತದೆ. ಅದರ ಎರಡರಷ್ಟು ಆವರ್ತನದಲ್ಲಿ, ಪೂರ್ತಿ ಒಂದು ಸುತ್ತಿಗೆ, ಒಂದನ್ನೊಂದು ಅಳಿಸುತ್ತವೆ. ಅಲ್ಲಿ ಕಪ್ಪು. ನಡುಭಾಗ 20ರಲ್ಲಿ ಹೊಳೆದು 40ರಲ್ಲಿ ಕಪ್ಪಾಗಿದೆ ಎಂದರೆ ಹೋಗಿ ಬರುವ ಸಮಯ ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗ, ಅಂದರೆ 25 ಮಿಲಿಸೆಕೆಂಡ್. ಒಂದು ದಾರಿಗೆ ಹನ್ನೆರಡೂವರೆ. ಸೆಕೆಂಡಿಗೆ 3000 ಮೀಟರ್ ವೇಗಕ್ಕೆ ಮರಳಿನ ದಪ್ಪ ಮೂವತ್ತೇಳೂವರೆ ಮೀಟರ್. ದಡಗಳು 40ರಲ್ಲಿ ಹೊಳೆಯುತ್ತವೆ, ಹಾಗಾದರೆ ಅಲ್ಲಿ ಅದರ ಅರ್ಧ, ಸುಮಾರು 19 ಮೀಟರ್. ನಡುವೆ ಆಳ, ಅಂಚಿಗೆ ತೆಳು. ಹೊಳೆಯ ಪಾತ್ರ ಹೇಗಿರುತ್ತದೋ ಹಾಗೆಯೇ ಇದೆ. ನಿಮ್ಮ ಕಡೆಯ ತುಂಗಭದ್ರೆ ಬೇಸಿಗೆಯಲ್ಲಿ ಬತ್ತಿದಾಗ ದಡದಿಂದ ನಡುವಿಗೆ ಇಳಿಯುತ್ತ ಹೋದರೆ ಕಾಲಿಗೆ ಸಿಗುವ ಆಕಾರ ಇದೇ ಅಲ್ಲವೇ?

ಇಷ್ಟು ಸಲೀಸಾಗಿ ಬಂದ ಉತ್ತರವನ್ನು ಮಾತ್ರ ಕೂಡಲೇ ನಂಬಬಾರದು. ಮರಳಿನ ಕೆಳಗಿನ ಕಲ್ಲು ಮೇಲಿನದಕ್ಕಿಂತ ಬೇರೆಯಾಗಿ, ಇನ್ನೂ ಗಟ್ಟಿಯಾಗಿದ್ದರೆ? ಆಗ ಎರಡೂ ಪ್ರತಿಧ್ವನಿ ಉಬ್ಬಾಗಿಯೇ ಬರುತ್ತವೆ, ಲೆಕ್ಕ ಮಗುಚಿಕೊಳ್ಳುತ್ತದೆ. ಈ ಸಲ ಅರ್ಧ ಸುತ್ತಿಗೇ ಅಳಿಸುವಿಕೆ. 40ರಲ್ಲಿ ಕಪ್ಪಾಗಲು ಹೋಗಿ ಬರುವ ಸಮಯ ಹನ್ನೆರಡೂವರೆ ಮಿಲಿಸೆಕೆಂಡ್ ಸಾಕು, ದಪ್ಪ ಬರೀ 19 ಮೀಟರ್. 20ರಲ್ಲಿ ಆಗಲೂ ಸಾಕಷ್ಟು ಹೊಳಪು ಇರುತ್ತದೆ. ನಕ್ಷೆ ಅದೇ, ಮರಳು ಅರ್ಧದಷ್ಟು! ಎಣ್ಣೆಯ ಲೆಕ್ಕದಲ್ಲಿ ಇದು ಕಂಪನಿ ಉಳಿಯುವ, ಮುಳುಗುವ ವ್ಯತ್ಯಾಸ. ಹತ್ತಿರದ ಒಂದು ಬಾವಿಯ ಲಾಗ್, ಎಂದರೆ ಯಾವ ಆಳದಲ್ಲಿ ಯಾವ ಕಲ್ಲು ಎಂಬ ಅಳತೆಯ ದಾಖಲೆ, ಸಿಕ್ಕಿದರೆ ಕೆಳಗೆ ಯಾವ ಕಲ್ಲಿದೆ ಎಂದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಬಾವಿ ಇಲ್ಲದ ಕಡೆಗೂ ಒಂದು ಉಪಾಯವಿದೆ, ಅದನ್ನು ಕೊನೆಗೆ ಮಗಳಿಗೆಂದೇ ಬರೆದಿದ್ದೇನೆ.

ಬೆಸೆದ ಅಲೆಯನ್ನು ಆವರ್ತನಗಳಾಗಿ ಬಿಡಿಸುವ ಗಣಿತದ ಬೇರು ಹಳೆಯದು. ಫ್ರಾನ್ಸಿನ ಜೋಸೆಫ್ ಫೂರಿಯೆ ಕಬ್ಬಿಣದಲ್ಲಿ ಶಾಖ ಹರಿಯುವ ಬಗೆಯನ್ನು ಲೆಕ್ಕ ಹಾಕಲು ಮಾಡಿಕೊಂಡದ್ದನ್ನು 1822ರಲ್ಲಿ ಪ್ರಕಟಿಸಿದ. ಅದನ್ನೇ ಸೈಸ್ಮಿಕ್‌ಗೆ, ಎಂದರೆ ನೆಲಕ್ಕೆ ಕಂಪನ ಕಳಿಸಿ ಹಿಡಿದ ಪ್ರತಿಧ್ವನಿಯ ದಾಖಲೆಗೆ, ಹಚ್ಚಿದರೆ ಒಂದು ತೊಡಕು ಬರುತ್ತದೆ. ನಮಗೆ ಬೇಕಾದ್ದು ಎರಡು ಸೆಕೆಂಡಿನ ಸುತ್ತಮುತ್ತಲ ಒಂದು ಚಿಕ್ಕ ತುಣುಕಿನ ಆವರ್ತನ, ಇಡೀ ದಾಖಲೆಯದಲ್ಲ. ನೂರು ಮಿಲಿಸೆಕೆಂಡಿನ ತುಣುಕು ಕತ್ತರಿಸಿಕೊಂಡರೆ 20 ಹರ್ಟ್ಸ್‌ನ ಎರಡೇ ಎರಡು ಸುತ್ತು ಅದರಲ್ಲಿ ಹಿಡಿಸುತ್ತವೆ. ಎರಡು ಸುತ್ತು ನೋಡಿ ಅದು 20ರದೋ 25ರದೋ ಎಂದು ಹೇಳುವುದು ಕಷ್ಟ. ತುಣುಕು ಉದ್ದ ಮಾಡಿದರೆ ಮೇಲಿನ, ಕೆಳಗಿನ ಬೇರೆ ಪದರಗಳು ಒಳಗೆ ನುಗ್ಗುತ್ತವೆ. ಸಮಯ ಖಚಿತವಾದಷ್ಟೂ ಆವರ್ತನ ಮಸುಕು, ಆವರ್ತನ ಖಚಿತವಾದಷ್ಟೂ ಸಮಯ ಮಸುಕು. ಡೆನ್ನಿಸ್ ಗೇಬರ್ 1946ರಲ್ಲಿ ಇದನ್ನು ನಿಯಮವಾಗಿ ಬರೆದಿಟ್ಟರು, ಅದರಿಂದ ತಪ್ಪಿಸಿಕೊಳ್ಳಲು ಯಾರಿಗೂ ಆಗಿಲ್ಲ.

ಆದರೆ ಹೊಂದಿಸಿಕೊಂಡು ಹೋಗಲು ಆಗಿದೆ. ಎಲ್ಫ್ ಅಕಿತೇನ್ ಎಂಬ ಫ್ರೆಂಚ್ ಎಣ್ಣೆ ಕಂಪನಿಯಲ್ಲಿದ್ದ ಜಾನ್ ಮೋರ್ಲೆ ಇದೇ ಸೈಸ್ಮಿಕ್ ದಾಖಲೆಗಳ ಜತೆ ಗುದ್ದಾಡುತ್ತಿದ್ದವರು. ಒಂದೇ ಅಳತೆಯ ತುಣುಕಿನ ಬದಲು, ತಗ್ಗು ಆವರ್ತನಕ್ಕೆ ಉದ್ದ, ಏರು ಆವರ್ತನಕ್ಕೆ ಗಿಡ್ಡವಾಗುವ ಕಿರು ಅಲೆಗಳನ್ನು ಬಳಸಿದರು. 1980ರ ದಶಕದ ಆರಂಭದಲ್ಲಿ ಅಲೆಕ್ಸ್ ಗ್ರಾಸ್‌ಮನ್ ಎಂಬ ಭೌತವಿಜ್ಞಾನಿ ಅವರ ಜತೆ ಸೇರಿ ಅದಕ್ಕೆ ಗಟ್ಟಿ ಗಣಿತದ ತಳಪಾಯ ಹಾಕಿದರು. ಇವತ್ತು ವೇವ್‌ಲೆಟ್ ಎಂದು ಜಗತ್ತೇ ಕರೆಯುವುದು ಇದನ್ನೇ. ಅಮೆರಿಕದ ಎಫ್‌ಬಿಐ ಬೆರಳಚ್ಚುಗಳನ್ನು ಕಂಪ್ಯೂಟರಿನಲ್ಲಿ ಚಿಕ್ಕದಾಗಿಸಿ ಇಡಲು ಬಳಸಿದ ಗಣಿತ ಅದೇ, ಅದೇ ಹಾದಿಯಲ್ಲಿ ಮುಂದೆ ಹೋದ ಈವ್ ಮೇಯರ್‌ಗೆ ಗಣಿತದ ದೊಡ್ಡ ಗೌರವವಾದ ಆಬೆಲ್ ಪ್ರಶಸ್ತಿ 2017ರಲ್ಲಿ ಬಂತು. ಎಣ್ಣೆ ಹುಡುಕುವವನ ಮೇಜಿನ ಮೇಲೆ ಹುಟ್ಟಿದ್ದು ಅಷ್ಟು ದೂರ ಹೋಯಿತೆಂದು ನೆನೆದಾಗಲೆಲ್ಲ ನನಗೆ ಈ ವೃತ್ತಿಯ ಬಗ್ಗೆ ಹೆಮ್ಮೆ.

ನಕ್ಷೆಗೆ ಈ ವಿದ್ಯೆಯನ್ನು ತಂದು ಎಲ್ಲರ ಕೈಗಿಟ್ಟವರು ಗ್ರೆಗ್ ಪಾರ್ಟಿಕಾ ಮತ್ತು ಅವರ ಇಬ್ಬರು ಸಂಗಡಿಗರು, 1999ರಲ್ಲಿ. ಮೆಕ್ಸಿಕೋ ಕೊಲ್ಲಿಯ ಕೆಳಗೆ ಹೂತ ಮಿಸಿಸಿಪ್ಪಿಯ ಹಳೆಯ ಮುಖಜಭೂಮಿಯನ್ನು ಅವರು ಒಂದೊಂದು ಆವರ್ತನಕ್ಕೆ ಒಂದೊಂದು ನಕ್ಷೆಯಾಗಿ ಬಿಡಿಸಿ, ಸಿನಿಮಾ ರೀಲಿನಂತೆ ಓಡಿಸಿ ತೋರಿಸಿದರು. ಸಾಮಾನ್ಯ ನಕ್ಷೆಯಲ್ಲಿ ಕಲೆಸಿಹೋದಂತೆ ಕಂಡದ್ದು ಕಾಲುವೆ, ಕವಲುಗಳಾಗಿ ಎದ್ದುನಿಂತಿತು. ಆ ಮೂವರು ಮಾಡಿದ ಇನ್ನೊಂದು ಸಣ್ಣ ಕೆಲಸವನ್ನು ಹೊಸಬರು ಮರೆಯುತ್ತಾರೆ. ಏರ್ ಗನ್ ಅಥವಾ ಸ್ಫೋಟಕ ಎಲ್ಲ ಆವರ್ತನಗಳನ್ನೂ ಸಮವಾಗಿ ಕಳಿಸುವುದಿಲ್ಲ. 30ರ ಆಸುಪಾಸು ಜೋರು, ಎರಡೂ ತುದಿಗೆ ಮೆಲ್ಲಗೆ. ಅದನ್ನು ಮೊದಲು ಸಮ ಮಾಡಿಕೊಳ್ಳದಿದ್ದರೆ ಯಾವ ಪದರ ನೋಡಿದರೂ 30ರಲ್ಲೇ ಹೊಳೆಯುತ್ತದೆ. ಕೆಂಪು ಬಲ್ಬಿನ ಕೆಳಗೆ ಸೀರೆ ಆರಿಸಿದಂತೆ. ನಿಮ್ಮ ಮಗಳು ತನ್ನ ನಕ್ಷೆಗೆ ಹಾಗೆ ಸಮ ಮಾಡುವ ಕೆಲಸ ಮಾಡಿದ್ದಾಳೋ ಇಲ್ಲವೋ ಕೇಳಿ, ಮೇಲಿನ ನನ್ನ ಲೆಕ್ಕವೆಲ್ಲ ಮಾಡಿದ್ದಾಳೆ ಎಂದು ನಂಬಿ ಬರೆದದ್ದು.

ಈಗ ಹೆಚ್ಚಾಗಿ ಮೂರು ಆವರ್ತನಗಳನ್ನು ಕೆಂಪು, ಹಸಿರು, ನೀಲಿಗೆ ಹಂಚಿ ಒಂದೇ ಚಿತ್ರ ಮಾಡುತ್ತಾರೆ. ದಪ್ಪನೆಯ ಮರಳು ಕೆಂಪಾಗಿ, ತೆಳುವಾದದ್ದು ನೀಲಿಯಾಗಿ ಕಾಣುತ್ತದೆ. ಬಂಗಾಳ ಕೊಲ್ಲಿಯಲ್ಲಿ ಕೃಷ್ಣಾ–ಗೋದಾವರಿ ಪಾತ್ರದ ಆಚೆಯ ಆಳನೀರಿನ ಕಾಲುವೆಗಳನ್ನು ಇಂಥ ಚಿತ್ರದಲ್ಲಿ ಮೊದಲ ಸಲ ನೋಡಿದ ದಿನ ನಾನು ಊಟಕ್ಕೆ ಏಳಲಿಲ್ಲ. ನಿಮ್ಮ ತುಂಗಭದ್ರೆ, ಮಲಪ್ರಭೆ ಸೇರುವುದು ಕೃಷ್ಣೆಯನ್ನೇ. ನಮ್ಮ ಬಯಲಿನ ಮಣ್ಣನ್ನು ಲಕ್ಷಾಂತರ ವರ್ಷ ಹೊತ್ತೊಯ್ದು ಸುರಿದ ಜಾಗವದು. ಅಲ್ಲಿ ಮರಳು ಬಾಗಿ, ಬಳುಕಿ, ಕವಲೊಡೆದು ಹರಡಿಕೊಂಡಿತ್ತು, ವಿಮಾನದಿಂದ ನದಿ ನೋಡಿದ ಹಾಗೆ.

ಇನ್ನು ಎಣ್ಣೆ, ಗ್ಯಾಸಿನ ಮಾತು. ಗ್ಯಾಸ್ ತುಂಬಿದ ಮರಳಿನ ಕೆಳಗೆ ಏರು ಆವರ್ತನಗಳು ಮಾಯವಾಗಿ ತಗ್ಗು ಆವರ್ತನದ ಮಬ್ಬೊಂದು ಕಾಣುತ್ತದೆ ಎಂದು 1970ರ ದಶಕದಿಂದಲೂ ಜನ ಗಮನಿಸಿದ್ದಾರೆ. ನಾವು ಅದನ್ನು ‘ನೆರಳು’ ಎನ್ನುತ್ತೇವೆ. ಭೂಭೌತ ವಿಜ್ಞಾನಿ ಕಸ್ಟಾಗ್ನಾ ಮತ್ತು ಜತೆಗಾರರು 2003ರಲ್ಲಿ ಇಂಥ ನೆರಳುಗಳನ್ನು ಒಂದೊಂದು ಆವರ್ತನಕ್ಕೆ ಬಿಡಿಸಿ ತೋರಿಸಿದಮೇಲೆ ಎಲ್ಲರಿಗೂ ಹುಮ್ಮಸ್ಸು ಬಂತು. ಗ್ಯಾಸಿರುವ ಕಲ್ಲು ಅಲೆಯನ್ನು ಹೆಚ್ಚು ಹೀರುತ್ತದೆ, ಆದ್ದರಿಂದ ನೆರಳು ಇದ್ದಲ್ಲಿ ಗ್ಯಾಸ್ ಎಂದು ಹೇಳುವುದು ಸುಲಭ, ಕೇಳಲೂ ಹಿತ. ಲೆಕ್ಕ ಹಾಕಿ ನೋಡಿ. 20 ಮೀಟರ್ ದಪ್ಪದ ಗ್ಯಾಸ್ ಮರಳು, ವೇಗ ಸೆಕೆಂಡಿಗೆ 2000 ಮೀಟರ್, ಹೋಗಿ ಬರಲು 20 ಮಿಲಿಸೆಕೆಂಡ್. ಕ್ಯೂ ತೀರಾ ಕಡಿಮೆ, 20 ಎಂದೇ ಇಟ್ಟುಕೊಳ್ಳೋಣ. 40 ಹರ್ಟ್ಸ್ ಅಲೆ ಕಳೆದುಕೊಳ್ಳುವುದು ನೂರಕ್ಕೆ ಹನ್ನೆರಡು ಮಾತ್ರ! ಅಷ್ಟರಿಂದ ಕಣ್ಣಿಗೆ ರಾಚುವ ನೆರಳು ಬೀಳುವುದಿಲ್ಲ. ನೂರಾರು ಮೀಟರ್ ಗ್ಯಾಸಿನ ಕಂಬವಿದ್ದರೆ ಆ ವಿವರಣೆ ನಿಲ್ಲುತ್ತದೆ, ತೆಳು ಪದರಕ್ಕೆ ನಿಲ್ಲುವುದಿಲ್ಲ. ಡ್ಯಾನ್ ಎಬ್ರಮ್ 2004ರಲ್ಲಿ ನೆರಳಿಗೆ ಹತ್ತರಷ್ಟು ಕಾರಣಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಹಲವು ಕಲ್ಲಿನವೇ ಅಲ್ಲ, ದತ್ತಾಂಶ ಸಂಸ್ಕರಣೆಯವು. ಗ್ಯಾಸಿನಿಂದಾಗಿ ಅಲೆಯ ವೇಗ ಇಳಿದಿರುತ್ತದೆ, ನಾವು ಹಳೆಯ ವೇಗದಲ್ಲೇ ಪ್ರತಿಧ್ವನಿಗಳನ್ನು ಜೋಡಿಸಿ ಕೂಡಿಸುತ್ತೇವೆ, ಅವು ಒಂದಕ್ಕೊಂದು ಕೂರದೆ ಏರು ಆವರ್ತನಗಳು ತಾವೇ ಅಳಿಸಿಹೋಗುತ್ತವೆ. ನೆರಳು ಬಿತ್ತು, ಬೀಳಿಸಿದವರು ನಾವು.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಜೀಪಿನ ಬ್ರೇಕ್ ಆಯಿಲ್‌ನೊಳಗೆ ಸ್ವಲ್ಪ ಗಾಳಿ ಸೇರಿದರೆ ಪೆಡಲು ಮೆತ್ತಗಾಗುತ್ತದೆ. ಅರ್ಧ ಪೈಪು ಗಾಳಿಯಾಗಬೇಕಿಲ್ಲ, ಒಂದು ಗುಳ್ಳೆ ಸಾಕು. ಕಲ್ಲಿನ ರಂಧ್ರಗಳಲ್ಲೂ ಹಾಗೆಯೇ. ಉಪ್ಪುನೀರು ಒತ್ತಡಕ್ಕೆ ಜಗ್ಗುವುದಿಲ್ಲ, ಅದರಲ್ಲಿ ನೂರಕ್ಕೆ ಐದು ಪಾಲು ಗ್ಯಾಸ್ ಬೆರೆತರೂ ಇಡೀ ಮಿಶ್ರಣ ಜಗ್ಗುತ್ತದೆ, ಅಲೆಯ ವೇಗ ದೊಪ್ಪೆಂದು ಕುಸಿಯುತ್ತದೆ. ಅಲ್ಲಿಂದ ಎಪ್ಪತ್ತು ಪಾಲು ಗ್ಯಾಸ್ ತುಂಬಿದರೂ ವೇಗ ಹೆಚ್ಚೇನೂ ಬದಲಾಗುವುದಿಲ್ಲ. ಮಾರಲು ಬರುವ ಗ್ಯಾಸೂ, ಸೋಡಾದಂತೆ ನೀರಿನಲ್ಲಿ ಒಂದಿಷ್ಟು ಬೆರೆತು ಕೈಗೆ ಹತ್ತದ ಗ್ಯಾಸೂ ನಕ್ಷೆಯಲ್ಲಿ ಅವಳಿಜವಳಿ. ಎಣ್ಣೆಯಂತೂ ಉಪ್ಪುನೀರಿಗೆ ಇನ್ನೂ ಹತ್ತಿರದ ಸ್ವಭಾವದ್ದು, ಅದನ್ನು ಆವರ್ತನದಿಂದ ಗುರುತಿಸುವುದು ಗ್ಯಾಸ್ ಗುರುತಿಸುವುದಕ್ಕಿಂತ ಕಷ್ಟ.

ನನ್ನ ಒಣ ಬಾವಿಯ ಕತೆ ಇಲ್ಲಿ ಹೇಳಬೇಕು. ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿತ್ತು, ಗುಜರಾತಿನ ಒಂದು ಬ್ಲಾಕ್, ಎಂದರೆ ಎಣ್ಣೆ ಹುಡುಕಲು ಗುರುತು ಹಾಕಿದ ಪ್ರದೇಶ. ಏರು ಆವರ್ತನದ ನಕ್ಷೆಯಲ್ಲಿ ಬೆಂಕಿಯಂತೆ ಹೊಳೆಯುವ ಪಟ್ಟಿ, ಅದರ ಕೆಳಗೆ ಚೊಕ್ಕ ನೆರಳು. ಸಭೆಯಲ್ಲಿ ನಾನೇ ಎದ್ದುನಿಂತು ವಾದಿಸಿದೆ. ಹಿರಿಯರೊಬ್ಬರು ಅಲ್ಲಿ ಕಲ್ಲಿದ್ದಲು ಇರುತ್ತದಲ್ಲ ಎಂದರು. ಖಂಬಾತ್ ಪ್ರದೇಶದ ಕಲೋಲ್ ಪದರಗಳಲ್ಲಿ ಮರಳು, ಜೇಡಿಶಿಲೆಯ ಜತೆ ಕಲ್ಲಿದ್ದಲಿನ ತೆಳು ಪದರಗಳಿರುವುದು ನಮ್ಮವರಿಗೆಲ್ಲ ಗೊತ್ತಿದ್ದ ವಿಷಯವೇ. ನನ್ನ ಬಳಿ ಉತ್ತರವಿತ್ತು, ಕಿವಿ ಇರಲಿಲ್ಲ. ಬಾವಿ ಆ ಆಳ ಮುಟ್ಟಿದ ರಾತ್ರಿ ನಾನು ರಿಗ್ಗಿನಲ್ಲೇ ಇದ್ದೆ. ಕೊರೆದ ಚೂರುಗಳನ್ನು ಮಣ್ಣಿನ ರಾಡಿಯಿಂದ ಜರಡಿಗೆ ತೆಗೆದು, ಮಗ್ಗಿನ ನೀರಿನಲ್ಲಿ ತೊಳೆದು ಹುಡುಗ ತಟ್ಟೆಯಲ್ಲಿ ತಂದಿಟ್ಟ. ಬಿಳಿ ಮರಳು ನಿರೀಕ್ಷಿಸಿದ್ದೆ. ಕಪ್ಪು, ಹಗುರ, ಮಿರಮಿರ ಹೊಳೆವ ಚೂರುಗಳು. ಉಗುರಿನಿಂದ ಒತ್ತಿದರೆ ಪುಡಿಯಾಗಿ ಬೆರಳು ಮಸಿಯಾಯಿತು. ಕಲ್ಲಿದ್ದಲು ಹಗುರ, ಅಲೆಗೆ ಅದರಲ್ಲಿ ವೇಗ ಕಡಿಮೆ, ಮೇಲೂ ಕೆಳಗೂ ಎದುರುಬದುರು ಪ್ರತಿಧ್ವನಿ. ನಾಲ್ಕೈದು ಪದರ ಒಂದರ ಮೇಲೊಂದು ಕೂತರೆ ಅವೇ ಏರು ಆವರ್ತನವನ್ನು ತಡೆದು ಕೆಳಗೆ ನೆರಳನ್ನೂ ಬೀಳಿಸುತ್ತವೆ. ನಕ್ಷೆ ಹೇಳಿದ್ದು ಒಂದು ಪದರದ ದಪ್ಪ ಮಾತ್ರ, ಅದು ನಿಜವೇ ಆಗಿತ್ತು. ಗ್ಯಾಸ್ ಎಂದು ಹೇಳಿದವನು ನಾನು. ಬಂಕಿನ ಮುಂದಿನ ಬಣ್ಣದ ಉಂಗುರ ನೋಡಿ ಇದು ಪೆಟ್ರೋಲೋ ಡೀಸೆಲ್ಲೋ ಸೋಪಿನ ನೀರೋ ಎಂದು ಹೇಳಲು ಆಗುತ್ತದೆಯೇ? ಹಾಗೆ.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಒಳಗೆ ಏನಿದೆ ಎಂಬುದು ಬೇರೆ ದಾರಿಯಿಂದ ಗೊತ್ತಿರುವ ಕಡೆ ಈ ವಿದ್ಯೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ನಾರ್ವೆಯ ಸ್ಲೀಪ್ನರ್ ಸಾಕ್ಷಿ. ಉತ್ತರ ಸಮುದ್ರದ ಆ ಗ್ಯಾಸ್ ಕ್ಷೇತ್ರದಲ್ಲಿ ಗ್ಯಾಸಿನಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡನ್ನು 1996ರಿಂದ, ವರ್ಷಕ್ಕೆ ಸುಮಾರು 10 ಲಕ್ಷ ಟನ್‌ನಂತೆ, ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಆಳದ ಉತ್ಸೀರಾ ಎಂಬ ಮರಳುಗಲ್ಲಿಗೆ ಇಳಿಸಿದರು. ಇಳಿಸುವ ಮುಂಚೆ, 1994ರಲ್ಲಿ, ಒಂದು ಸೈಸ್ಮಿಕ್ ಸಮೀಕ್ಷೆ. 1999ರಿಂದ ಮತ್ತೆ ಮತ್ತೆ ಅದೇ ಜಾಗದಲ್ಲಿ ಇನ್ನಷ್ಟು. ಮೊದಲು ಏನೂ ಕಾಣದಿದ್ದ ಮರಳಿನಲ್ಲಿ ಹೊಳೆಯುವ ಒಂಬತ್ತು ತೆಳು ಪದರಗಳು ಮೂಡಿದವು. ಮೀಟರಿನಷ್ಟೇ ದಪ್ಪದ ಜೇಡಿಪದರಗಳ ಕೆಳಗೆ ಅನಿಲ ಸಿಕ್ಕಿಕೊಂಡು ಹರಡುತ್ತಿತ್ತು. ಅನಿಲ ತುಂಬಿದ ಮರಳಿನಲ್ಲಿ ಅಲೆಯ ವೇಗ ಸೆಕೆಂಡಿಗೆ 1450 ಮೀಟರಿನ ಆಸುಪಾಸಿಗೆ ಇಳಿದಿತ್ತು. 45 ಹರ್ಟ್ಸ್ ಅಲೆಗೆ ಅದರ ಕಾಲು ತರಂಗದೂರ 8 ಮೀಟರ್. ಹೆಚ್ಚಿನ ಪದರಗಳು ಅದಕ್ಕಿಂತ ತೆಳು, ಹಾಗಾಗಿ ಮೇಲೂ ಕೆಳಗೂ ಬೇರೆಯಾಗಿ ಕಾಣುತ್ತಿರಲಿಲ್ಲ. ಹೊಳಪು ಎಷ್ಟಿದೆ, ಯಾವ ಆವರ್ತನದಲ್ಲಿದೆ ಎಂಬುದರಿಂದಲೇ ದಪ್ಪವನ್ನು ತೆಗೆದರು. ಎಷ್ಟು ಅನಿಲ ಇಳಿಸಿದರು ಎಂಬ ಲೆಕ್ಕ ಅಳೆಯುವ ಯಂತ್ರದಲ್ಲಿ ದಾಖಲಾಗಿದ್ದರಿಂದ ತಾಳೆ ನೋಡಲು ಸಾಧ್ಯವಾಯಿತು. ಒಳಗೆ ಏನಿದೆ ಎಂದು ಅಲ್ಲಿ ಯಾರೂ ಆವರ್ತನವನ್ನು ಕೇಳಲಿಲ್ಲ, ಎಷ್ಟು ದಪ್ಪವಿದೆ ಎಂದಷ್ಟೇ ಕೇಳಿದರು. ಸರಿಯಾದ ಪ್ರಶ್ನೆ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕಿತು.

ನಿಮ್ಮೂರಿನ ಮಿಷನ್ನಿನ ವಿಷಯಕ್ಕೆ ಬರುತ್ತೇನೆ. ಗದಗದ ನೆಲದಡಿಯ ಶಿಲೆ 250 ಕೋಟಿ ವರ್ಷಕ್ಕೂ ಹಳೆಯದು. ಎಣ್ಣೆಗೆ ಬೇಕಾದ ಸಮುದ್ರಜೀವಿಗಳ ದಪ್ಪ ಕೆಸರಿನ ರಾಶಿ ಅಲ್ಲಿಲ್ಲ, ಆದ್ದರಿಂದ ಎಣ್ಣೆಯ ಆಸೆ ಬೇಡ. ನಮ್ಮ ಈ ಗಟ್ಟಿ ನೆಲದ ಮೇಲೂ ದೊಡ್ಡ ಸೈಸ್ಮಿಕ್ ಕೆಲಸ ನಡೆದಿದೆ, ನೆನಪಿರಲಿ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಪೂರ್ವದ ಕಾವಲಿಯಿಂದ ಪಶ್ಚಿಮದ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಕಂಪನ ಎಬ್ಬಿಸಿ ಭೂಚಿಪ್ಪಿನ ತಳದವರೆಗೆ ನೋಡಿದರು. ಹತ್ತಾರು ಕಿಲೋಮೀಟರ್ ಆಳ ನೋಡಬಲ್ಲ ಆ ಅಲೆಗೆ ನಿಮ್ಮ ಬೋರಿನ ನೀರು ಮಾತ್ರ ಕಾಣುವುದಿಲ್ಲ. ನಮ್ಮ ಕಡೆ ನೀರಿರುವುದು ಕಲ್ಲಿನ ಬಿರುಕಿನಲ್ಲಿ, ಬಿರುಕಿನ ಅಗಲ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಸೆಂಟಿಮೀಟರ್‌ಗಳು. ಗಟ್ಟಿ ಬಂಡೆಯಲ್ಲಿ ಅಲೆಯ ವೇಗ ಸೆಕೆಂಡಿಗೆ 5500 ಮೀಟರ್, 50 ಹರ್ಟ್ಸ್‌ಗೆ ತರಂಗದೂರ 110 ಮೀಟರ್. ಬೆರಳಗಲದ ಬಿರುಕು ಅದರ ಮುಂದೆ ಏನೂ ಅಲ್ಲ.

ಕೈಯಲ್ಲಿ ಹಿಡಿದು ಓಡಾಡಿದರೆ ನೀರಿನ ‘ಫ್ರೀಕ್ವೆನ್ಸಿ’ ತೋರಿಸುವ ಯಂತ್ರ ಎಂದರೆ ನಾನು ಮೂರು ಮಾತು ಕೇಳುತ್ತೇನೆ: ಕಂಪನವನ್ನೋ ಕರೆಂಟನ್ನೋ ನೆಲಕ್ಕೆ ಕಳಿಸುವುದು ಯಾವುದು, ವಾಪಸು ಬಂದದ್ದನ್ನು ಹಿಡಿಯುವುದು ಯಾವುದು, ಹಿಡಿದದ್ದು ಎಲ್ಲಿ ದಾಖಲಾಗುತ್ತದೆ? ನೀರಿಗಾಗಲಿ ಎಣ್ಣೆಗಾಗಲಿ ತನ್ನದೇ ಎಂಬ ಒಂದು ಕಂಪನವಿಲ್ಲ. ಎಣ್ಣೆಯವರಲ್ಲೂ ಇಂಥ ಆಸೆ ಎದ್ದಿತ್ತು. 2000ದ ದಶಕದಲ್ಲಿ, ಎಣ್ಣೆ ಕ್ಷೇತ್ರಗಳ ಮೇಲಿನ ನೆಲ 3 ಹರ್ಟ್ಸ್ ಸುತ್ತಮುತ್ತ ತಾನಾಗಿಯೇ ನಡುಗುತ್ತದೆ, ಅದನ್ನು ಕೇಳಿದರೆ ಸಾಕು ಎಂದು ಕೆಲವರು ಹೇಳಿದರು. ಬೇರೆಯವರು ಹೋಗಿ ಅಳೆದಾಗ ವಾಹನ, ಯಂತ್ರಗಳ ಸದ್ದು ಮತ್ತು ಮೇಲ್ಮಣ್ಣಿನ ನಡುಕವೂ ಅದೇ ಪಟ್ಟಿಯಲ್ಲಿ ಬರುತ್ತದೆ ಎಂದು ಗೊತ್ತಾಯಿತು.

ಬೋರ್ ಪಾಯಿಂಟಿಗೆ ನಾಲ್ಕು ಸಲಾಕೆ ನೆಟ್ಟು ಕರೆಂಟು ಹರಿಸಿ ನೆಲದ ವಿದ್ಯುತ್ ರೋಧ ಅಳೆಯುವ ವಿಧಾನ ನಮ್ಮ ಗಟ್ಟಿ ನೆಲಕ್ಕೆ ಹೆಚ್ಚು ಹೊಂದುತ್ತದೆ. ನೀರು ತುಂಬಿದ ಬಿರುಕುಬಿಟ್ಟ ಕಲ್ಲು ಕರೆಂಟನ್ನು ಸಲೀಸಾಗಿ ಬಿಡುತ್ತದೆ, ಗಟ್ಟಿ ಬಂಡೆ ಬಿಡುವುದಿಲ್ಲ. ಅದೂ ನೂರಕ್ಕೆ ನೂರಲ್ಲ, ಆದರೆ ಅಳತೆ ಕಾಗದದ ಮೇಲೆ ಬರುತ್ತದೆ, ಇನ್ನೊಬ್ಬರಿಗೆ ತೋರಿಸಬಹುದು. ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಯನ್ನು ಕಂಡು, ಅಕ್ಕಪಕ್ಕದ ಹೊಲಗಳ ಬೋರ್ ಎಷ್ಟು ಅಡಿಗೆ ನೀರು ಕೊಟ್ಟವು, ಎಷ್ಟಕ್ಕೆ ಬತ್ತಿದವು ಎಂಬ ಪಟ್ಟಿಯನ್ನೂ ಜತೆಗೆ ಒಯ್ಯಿರಿ. ಆ ಪಟ್ಟಿ ಬಹಳ ಉಪಯೋಗಕ್ಕೆ ಬರುತ್ತದೆ.

ಮಗಳಿಗೆಂದು ಹೇಳಿದ್ದೆನಲ್ಲ, ಬಾವಿ ಇಲ್ಲದ ಕಡೆಯ ಆ ಉಪಾಯ. ಅವಳ ಬಳಿ 10 ಹರ್ಟ್ಸ್‌ನ ಚಿತ್ರವೂ ಇರಬಹುದು, ಇಲ್ಲದಿದ್ದರೆ 12ರದ್ದು. ಅದನ್ನು ತೆರೆದು ನದಿಯ ನಡುಭಾಗವನ್ನು 20ರ ಚಿತ್ರದ ಜತೆ ಹೋಲಿಸಲಿ. ಹೊಳಪು ಇಳಿದು ಮುಕ್ಕಾಲಿಗೆ ಬಂದಿದ್ದರೆ ಎರಡು ಪ್ರತಿಧ್ವನಿಗಳು ಎದುರುಬದುರು, ಮರಳು ಮೂವತ್ತೇಳೂವರೆ ಮೀಟರ್. ಇಳಿಯುವ ಬದಲು ಇನ್ನೂ ಏರಿದ್ದರೆ ಎರಡೂ ಒಂದೇ ಬಗೆಯವು, ಮರಳು 19 ಮೀಟರ್ ಮಾತ್ರ. ದಡದಾಚೆ ಮರಳು ಮುಗಿದ ಜಾಗವನ್ನೂ ನೋಡಲಿ: ಮೊದಲನೆಯದಾದರೆ ಎಲ್ಲ ಆವರ್ತನದಲ್ಲೂ ಅಲ್ಲಿ ಕಪ್ಪೇ ಇರಬೇಕು, ಎರಡನೆಯದಾದರೆ ಮೇಲಿನ ಕಲ್ಲು ಕೆಳಗಿನ ಗಟ್ಟಿ ಕಲ್ಲನ್ನು ಮುಟ್ಟುವುದರಿಂದ ಹೊಳಪು ಮುಂದುವರಿಯುತ್ತದೆ. ಎರಡೂ ಪರೀಕ್ಷೆ ಒಂದೇ ಉತ್ತರ ಕೊಟ್ಟವೇ ಎಂದು ಅವಳೇ ನನಗೆ ಬರೆದು ತಿಳಿಸಲಿ, ಚಿತ್ರಗಳನ್ನೂ ಕಳಿಸಲಿ.